ಅಟ್ಟದ ಗಿರಾಕಿಗಳು

"ಅಟ್ಟಕ್ಕೆ ಕೈ ಹಾಕಬೇಡ ಅಂದಿದ್ದೆನಲ್ಲೋ" ಎಂದು ಅಕ್ಕ ಓಡಿ ಬರುವಷ್ಟರಲ್ಲಿ ತಮ್ಮ ಸ್ಟೂಲ್ ಹತ್ತಿ ಅಡುಗೆಮನೆಯ ಅಟ್ಟದ ಬಾಗಿಲು ತೆಗೆದಾಗಿತ್ತು. ಅಕ್ಕ ಮನೆ ಬದಲಾಯಿಸುತ್ತಿದ್ದಳು. ಪಾತ್ರೆಪಡಗ ಮಾತ್ರ ಕಟ್ಟಿಕೊಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೇ ಅವನನ್ನು ಕರೆಸಿದ್ದಳು. ಆದರೆ ಪಿಂಗಾಣಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ ಪಳಗಿದ ಕೈ ಅದು. ಅಲ್ಲಿಯ ಪದ್ಧತಿಯೇ ಹಾಗೆ, ಎಲ್ಲಕ್ಕಿಂತ ಮೇಲಿದ್ದದ್ದನ್ನು ಮೊದಲು ಇಳಿಸಬೇಕು. ಕೆಳಗಿನದು ಕಟ್ಟಿದ ಮೇಲೆ ಮೇಲಿನದು ಬಿದ್ದರೆ ಎರಡೂ ಹೋದವು. ಅಭ್ಯಾಸ ಬಲದಲ್ಲಿ ಅವನು ಅಟ್ಟದಿಂದಲೇ ಶುರು ಮಾಡಿದ್ದ.

ಅಟ್ಟದ ತುಂಬ ಅವನದೇ ಡಬ್ಬಗಳಿದ್ದವು. ಕಾರ್ಖಾನೆಯ ಕೆಲಸ ಬಿಟ್ಟು, ಬಿಳಿ ಕಪ್‌ಗಳ ಮೇಲೆ ಹಕ್ಕಿಗಳ ಚಿತ್ರ ಬರೆದು, ಆನ್‌ಲೈನಿನಲ್ಲಿ ಮಾರುತ್ತೇನೆಂದು ಹೊರಟವನು ಅವನು. ಪ್ರತಿ ಡಬ್ಬಕ್ಕೂ ಕೆಂಪು ಟೇಪು ಸುತ್ತಿ, ಅದರ ತುದಿಯನ್ನು ಚೂರು ಮಡಚಿ ಬಿಡುತ್ತಿದ್ದ. ಕೊಂಡವರು ಉಗುರು ಹಾಕಿ ಕೆರೆಯಬಾರದು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು ಎಂದು. ಇಲ್ಲಿ ಒಂದು ತುದಿಯನ್ನೂ ಯಾರೂ ಎಳೆದಿರಲಿಲ್ಲ. ಲೇಬಲ್‌ಗಳ ಮೇಲೆ ಬೇರೆ ಬೇರೆ ಹೆಂಗಸರ ಹೆಸರುಗಳು. ಈ ಹೆಸರುಗಳನ್ನೇ ಅವನು ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಒಂದೊಂದಾಗಿ ಓದಿ ಹೇಳಿ, ನೋಡು, ಯಾವ್ಯಾವ ಬೀದಿಗೆ ಹೋಗ್ತಿದೆ ನನ್ನ ಕಪ್ ಎಂದು ಬೀಗುತ್ತಿದ್ದುದು.

"ಇವು ಇಲ್ಲಿಗೆ ಹೇಗೆ ಬಂದ್ವು ಅಕ್ಕ?"

ಅಕ್ಕ ಕೈಯಲ್ಲಿದ್ದ ಹಳೇ ಪೇಪರನ್ನು ಸುಮ್ಮನೆ ಮಡಚತೊಡಗಿದಳು. "ನನ್ನ ಟೈಲರ್ ಅಂಗಡೀಲಿ ಹೊಲಿಯೋರ ಹೆಸರು ಅವೆಲ್ಲ. ಅವರವರ ಮನೆಗೆ ತರಿಸಿ ಇಲ್ಲಿಗೆ ತಂದಿಡ್ತಿದ್ದೆ. ಏನು ಮಾಡ್ಲಿ ಹೇಳು, ನೀನು ತಟ್ಟೆ ಮುಂದೆ ಕೂತ್ಕೊಂಡು ಫೋನ್ ನೋಡ್ತಿದ್ದೆ, ತುತ್ತು ಬಾಯಿಗೆ ಹೋಗ್ತಿರ್ಲಿಲ್ಲ. ಕಣ್ಣಲ್ಲಿ ನೋಡೋಕಾಗ್ಲಿಲ್ಲ ಕಣೋ. ನಾಲ್ಕು ಜನಕ್ಕೆ ಗೊತ್ತಾಗೋವರೆಗೆ ಅಂತ ಶುರು ಮಾಡಿದ್ದು."

"ನಾಲ್ಕು ಜನಕ್ಕೆ ಗೊತ್ತಾಯ್ತಾ?"

ಅಕ್ಕ ಮಡಚಿದ ಪೇಪರನ್ನು ಮತ್ತೆ ಬಿಡಿಸಿದಳು. ಅವನು ಮನಸ್ಸಿನಲ್ಲೇ ಆರ್ಡರ್‌ಗಳನ್ನು ನೆನೆದು, ಅಟ್ಟದ ಡಬ್ಬಗಳಿಗೆ ಹೊಂದಿಸಿ ನೋಡಿದ. ಒಂದೂ ಹೊರಗೆ ಉಳಿಯಲಿಲ್ಲ.

"ಬಿಚ್ಚಾದ್ರೂ ನೋಡಬಹುದಿತ್ತಲ್ಲ."

"ಬಿಚ್ಚಿ ಎಲ್ಲಿಡ್ಲಿ? ನೀನು ಬಂದಾಗ ಕಾಣ್ತಿತ್ತು."

ಅವನು ಸ್ಟೂಲಿನಿಂದ ಇಳಿದು ಅದರ ಮೇಲೇ ಕುಳಿತ. ಅಳು ಬರಬೇಕಾದ ಕಡೆ ನಗು ಬಂತು. "ಬೆಳಿಗ್ಗೆ ಕಾರ್ಖಾನೆ ಸೂಪರ್‌ವೈಸರ್ ಫೋನ್ ಮಾಡಿದ್ರು. ನಿನ್ನ ಜಾಗ ಖಾಲಿಯಾಗಿದೆ, ವಾಪಸ್ ಬಾ ಅಂದ್ರು."

ಅಕ್ಕನ ಮುಖ ಅರಳಿತು. "ಮಾಡಿದ್ರಾ? ಅವರ ಮನೆಗೇ ಹೋಗಿ ಕೂತು ಕೇಳ್ಕೊಂಡು ಬಂದಿದ್ದೆ ಕಣೋ, ಮೊನ್ನೆ. ನೋಡ್ತೀನಿ ಅಂದಿದ್ರು. ಯಾವತ್ತಿಂದ ಹೋಗ್ತೀಯ?"

"ಬರಲ್ಲ ಅಂದೆ."

"ಯಾಕೋ?"

"ಆರ್ಡರ್ ಮೇಲೆ ಆರ್ಡರ್ ಬರ್ತಿದೆ, ಕೈಗೆ ಬಿಡುವಿಲ್ಲ ಅಂದೆ."

ಕಾರ್ಖಾನೆಯಲ್ಲಿ ಜಾಗ ಕೇಳಿದವಳೂ ಅಕ್ಕನೇ, ಬೇಡವೆನ್ನುವಷ್ಟು ಧೈರ್ಯ ಅವನಿಗೆ ತುಂಬಿದವಳೂ ಅವಳೇ. ಮರುಕ್ಷಣವೇ ಅಕ್ಕ, ಈಗಲೇ ಮಾಡು, ತಪ್ಪಾಯ್ತು ಅನ್ನು, ಮನೇಲಿ ಬಸುರಿ ಇದಾಳೆ ಅನ್ನು ಎಂದು ಅವನ ಜೇಬಿನಿಂದ ಫೋನ್ ತೆಗೆದು ಕೈಗಿಟ್ಟಳು. ಸೂಪರ್‌ವೈಸರ್ ಫೋನ್ ಎತ್ತಿದವರೇ, "ಅಯ್ಯೋ, ನೀನು ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಇನ್ನೊಬ್ಬನ್ನ ಕರೆದುಬಿಟ್ಟೆನಪ್ಪ. ಆಗಲೇ ಬಂದು ನಿನ್ನ ಮೇಜಿನಲ್ಲಿ ಕಟ್ತಾ ಇದಾನೆ. ಇನ್ನು ಸದ್ಯಕ್ಕೆ ಯಾವ ಜಾಗಾನೂ ಇಲ್ಲ. ನಿನಗೇನು ಬಿಡು, ವ್ಯಾಪಾರ ಕೈ ಹತ್ತಿದೆ" ಎಂದರು. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ಕೇಳಿಸಿಕೊಳ್ಳುವುದೇ ಅವನಿಗೆ ಕಷ್ಟವಾಯಿತು.

ಫೋನ್ ಕೆಳಗಿಡುವ ಮೊದಲೇ ಅದು ಟಿಣ್ ಎಂದಿತು. ಹೊಸ ಆರ್ಡರ್ ಬಂದಾಗಿನ ಸದ್ದು. ಅವನು ಫೋನನ್ನು ಬಿಟ್ಟು ಅಕ್ಕನನ್ನು ನೋಡಿದ.

"ನಾನಲ್ಲ ಕಣೋ" ಎಂದಳು ಅಕ್ಕ. "ಇಲ್ಲೇ ಇದೀನಲ್ಲ ನಿನ್ನೆದುರಿಗೆ. ಆರ್ಡರ್ ಎಲ್ಲ ನನ್ನ ಫೋನಿಂದ ನಾನೇ ಹಾಕ್ತಿದ್ದೆ. ಆ ಫೋನು ನಿನ್ನ ಭಾವನ ಹತ್ರ ಇದೆ."

"ಹಾಗಾದ್ರೆ ಭಾವನಿಗೂ ಹೇಳಿಕೊಟ್ಟಿದ್ದೀಯ. ಸಾಕು ಬಿಡು ಅಕ್ಕ."

ಗುಬ್ಬಚ್ಚಿಯ ಕಪ್, ಒಂದು ಡಜನ್. ಗುರುತಿಲ್ಲದ ಹೆಸರು, ಬೇರೆ ಊರು. ಕೆಳಗೆ ಒಂದು ಸಾಲು: ದೂರದ ದಾರಿ, ದಯವಿಟ್ಟು ಒಡೆಯದ ಹಾಗೆ ಕಟ್ಟಿ ಕಳಿಸಿ. ಎಷ್ಟು ಚೆನ್ನಾಗಿ ನಾಟಕ ಆಡ್ತಾರೆ ಎಂದುಕೊಂಡು ಅವನು ಆರ್ಡರನ್ನು ರದ್ದು ಮಾಡಿದ. ಕಾರಣವೇನು ಎಂದು ಫೋನು ಕೇಳಿತು. ಅಟ್ಟದ ತುಂಬ ಇದ್ದ ಡಬ್ಬಗಳನ್ನೊಮ್ಮೆ ನೋಡಿ, 'ಸರಕು ಮುಗಿದಿದೆ' ಎಂಬುದನ್ನು ಒತ್ತಿದ.

ಅಷ್ಟರಲ್ಲಿ ಕೆಳಗೆ ವ್ಯಾನಿಗೆ ಮಂಚ ಹೇರುತ್ತಿದ್ದ ಭಾವ ಬೆವರೊರೆಸಿಕೊಳ್ಳುತ್ತ ಮೇಲೆ ಬಂದು, ಅಕ್ಕನ ಫೋನನ್ನು ಅವಳ ಮುಂದೆ ಇಟ್ಟ.

"ತಗೋ, ಬೆಳಿಗ್ಗೆಯಿಂದ ಸತ್ತು ಬಿದ್ದಿದೆ. ಇದರ ಚಾರ್ಜರ್ ಯಾವ ಡಬ್ಬದಲ್ಲಿ ಹಾಕಿ ಕಟ್ಟಿಬಿಟ್ರಿ?"