ಮಳೆ ಡಬ್ಬಿ

ರೆಕಾರ್ಡಿಂಗ್ ಸ್ಟುಡಿಯೋದವರು ಪ್ರಿ-ಆಂಪನ್ನು ವಾಪಸ್ಸು ಕಳಿಸಿದಾಗ, ಪೆಟ್ಟಿಗೆ ಬಿಚ್ಚುವ ಮೊದಲೇ ಅಣ್ಣನಿಗೆ ಖಾತ್ರಿಯಾಯಿತು, ಇದು ತಮ್ಮನ ಕೈವಾಡ. ಮೈಕಿನ ಸಣ್ಣ ದನಿಯನ್ನು ಹಿಗ್ಗಿಸಿ ಕೊಡುವ ಪೆಟ್ಟಿಗೆ ಅದು. ಅದರಲ್ಲಿ ಹಿಸ್ ಅನ್ನುವ ಸದ್ದು ವಿಪರೀತವಂತೆ, ಹಾಡುವವರು ಉಸಿರು ಎಳೆದುಕೊಳ್ಳುವ ಕಡೆಯೆಲ್ಲ ಅದೇ ಕೇಳುತ್ತದಂತೆ. ಊರಿಗೆಲ್ಲ ಸದ್ದಿಲ್ಲದ ಪ್ರಿ-ಆಂಪ್ ಮಾಡಿಕೊಟ್ಟವನಿಗೆ ಈ ಮಾತು. ಬೇರೆಯಾಗಿ ಹೋದ ತಮ್ಮ ಸ್ಟುಡಿಯೋದವರ ಕಿವಿ ಊದಿರಬೇಕು, ಇನ್ನೇನೂ ಅಲ್ಲ.

ಅಣ್ಣತಮ್ಮಂದಿರ ವರ್ಕ್‌ಶಾಪಿನಲ್ಲಿ ಮೊದಲಿನಿಂದಲೂ ಒಂದು ಕಟ್ಟಳೆ. ಪ್ರತಿ ಹೊಸ ಪೆಟ್ಟಿಗೆಯೂ ಅಣ್ಣನ ಕಿವಿಗೆ ಪಾಸಾಗಿಯೇ ಹೊರಗೆ ಹೋಗಬೇಕು. ಫ್ಯಾನ್ ಆರಿಸಿ, ಮೈಕ್ ಸಿಕ್ಕಿಸುವ ಜಾಗ ಮುಚ್ಚಿ, ವಾಲ್ಯೂಮನ್ನು ತುದಿ ಮುಟ್ಟಿಸಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವುದು. ಏನೂ ಕೇಳಿಸದಿದ್ದರೆ ಗೆದ್ದ ಹಾಗೆ. ತಮ್ಮ ಮಾತ್ರ ಮೀಟರಿನಿಂದ ಇನ್ನೊಮ್ಮೆ ಅಳೆಯುತ್ತಿದ್ದ, ಅಣ್ಣ ಅವನನ್ನು ‘ಇನ್ಸ್‌ಪೆಕ್ಟರು’ ಎಂದು ಛೇಡಿಸುತ್ತಿದ್ದ. ಒಂದು ದಿನ ಇನ್ಸ್‌ಪೆಕ್ಟರು ತಲೆ ತಗ್ಗಿಸಿಕೊಂಡೇ ಬಾಯಿ ಬಿಟ್ಟ.

"ಅಣ್ಣ, ಈಚೆಗೆ ನೀನು ಪಾಸ್ ಮಾಡಿದ್ದೆಲ್ಲ ಮೀಟರಲ್ಲಿ ಹಿಸ್ ತೋರಿಸ್ತಿದೆ. ಒಂದ್ಸಲ ಡಾಕ್ಟ್ರಿಗೆ ಕಿವಿ ತೋರಿಸ್ಕೊ."

ಬೇರೆ ಯಾವ ಮಾತಾಗಿದ್ದರೂ ಅಣ್ಣ ನಕ್ಕು ಸುಮ್ಮನಾಗುತ್ತಿದ್ದನೇನೋ. ಇದು ನೆತ್ತಿಗೇರಿತು. ಮೀಟರನ್ನು ತಮ್ಮನ ಕೈಗೆ ತುರುಕಿ, ಅದನ್ನೇ ಕಟ್ಟಿಕೊಂಡು ಬಾಳು ಹೋಗು ಎಂದು ಬಾಗಿಲು ತೋರಿಸಿದ. ವರ್ಷಗಳೇ ಕಳೆದವು, ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಈಗ ಅಣ್ಣ ಹಟ ಹಿಡಿದು ಕೂತ. ಒಳಗೊಳಗೇ ಸದ್ದು ಹುಟ್ಟಿಸುವ ರೆಸಿಸ್ಟರುಗಳನ್ನು ಕಿತ್ತು ಬೇರೆಯವನ್ನು ಬೆಸುಗೆ ಹಾಕಿದ. ದನಿಯನ್ನು ಮೊದಲು ಹಿಗ್ಗಿಸುವ ಟ್ರಾನ್ಸಿಸ್ಟರಿಗಾಗಿ ರಾಶಿ ಸುರಿದುಕೊಂಡು, ಒಂದೊಂದನ್ನೂ ಸಿಕ್ಕಿಸಿ ಕಿವಿಯಿಂದಲೇ ಆರಿಸಿದ. ಎಲ್ಲವೂ ಚೆನ್ನಾಗಿದ್ದಂತೆ ಕಂಡದ್ದು ಅವನಿಗೆ ವಿಚಿತ್ರವೆನಿಸಲಿಲ್ಲ. ಜೋಡಿಸಿ ಕೇಳಿದರೆ ನಿಶ್ಶಬ್ದ. ಖುಷಿ ತಡೆಯಲಾರದೆ ಹೆಂಡತಿಯನ್ನು ಕರೆದು ಹೆಡ್‌ಫೋನ್ ತೊಡಿಸಿದ. ಅವಳು ಹುಬ್ಬು ಗಂಟಿಕ್ಕಿ, "ಏನೋ ಸುಯ್ ಅಂತಿದೆಯಲ್ರೀ" ಅಂದಳು. ನಿನಗೇನು ಗೊತ್ತಾಗುತ್ತದೆ ಎಂದು ಗದರಿಸಿ ಕಳಿಸಿದನಾದರೂ ಅವಳು ಹೋದ ಮೇಲೆ ಇನ್ನೊಮ್ಮೆ ಹಾಕಿಕೊಂಡು ಕೇಳಿದ.

ಅಟ್ಟದಿಂದ ಮಳೆ ಡಬ್ಬಿಯನ್ನು ಇಳಿಸಿದ. ಅಣ್ಣತಮ್ಮಂದಿರು ಹುಡುಗರಾಗಿದ್ದಾಗ ಸೇರಿ ಮಾಡಿದ ಮೊಟ್ಟಮೊದಲ ಪ್ರಿ-ಆಂಪ್ ಅದು. ತಗಡಿನ ಸೂರಿನ ಮೇಲೆ ಮಳೆ ಹೊಯ್ದಂತೆ ಸದ್ದು ಮಾಡುತ್ತಿದ್ದುದರಿಂದ ಆ ಹೆಸರು. ಆ ಮಳೆ ನಿಲ್ಲಿಸಬೇಕೆಂದೇ ಇಬ್ಬರೂ ಈ ಕಸುಬಿಗೆ ಬಿದ್ದದ್ದು. ಹೆಡ್‌ಫೋನ್ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ಏರಿಸಿದ. ಮಳೆ ಬರಲಿಲ್ಲ. ಇಷ್ಟು ಹಳೆಯ ಡಬ್ಬಿ, ಕೆಟ್ಟೇ ಹೋಗಿರಬೇಕು ಎಂದುಕೊಂಡ. ಮೈಕ್ ಹಾಕಿ ಒಂದು ಮಾತಾಡಿದ್ದರೆ ಕೆಟ್ಟಿದೆಯೋ ಇಲ್ಲವೋ ತಿಳಿದುಬಿಡುತ್ತಿತ್ತು. ಅಷ್ಟು ಧೈರ್ಯ ಅವನಿಗೆ ಬರಲಿಲ್ಲ. ಕೊನೆಗೆ ತಮ್ಮನಿಗೇ ಫೋನ್ ಮಾಡಿ ಬಾ ಎಂದ. ಅವನ ಮಾತನ್ನು ನಂಬಬಹುದು, ಸುಳ್ಳಾಡಲು ಬಾರದೆ ತಾನೇ ಅವನು ಹೊರಗೆ ಹೋದದ್ದು.

ತಮ್ಮ ಬಂದ. ಮೀಟರ್ ತಂದಿರಲಿಲ್ಲ. ಬಾಗಿಲಲ್ಲೇ ಅತ್ತಿಗೆ ಅವನಿಗೆ ಏನೋ ಪಿಸುಗುಟ್ಟಿದ್ದು ಅಣ್ಣನಿಗೆ ಕಂಡಿತು. ಮೇಜಿನ ಮೇಲೆ ಹೊಸದಾಗಿ ಜೋಡಿಸಿದ ಪೆಟ್ಟಿಗೆಯಿತ್ತು, ಅದರ ದೀಪವೂ ಉರಿಯುತ್ತಿತ್ತು. ಆದರೆ ಹೆಡ್‌ಫೋನಿನ ವೈರು ಅದರ ಹಿಂದಿನಿಂದ ಹಾದು, ಪಕ್ಕದಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಮಳೆ ಡಬ್ಬಿಗೆ ಹೋಗಿತ್ತು. ತನ್ನ ಕಿವಿಯ ಪರೀಕ್ಷೆಯೆಂದು ಗೊತ್ತಾಗದಿರಲಿ ಅಂತ, ಹೊಸದು, ಕೇಳಿ ನೋಡು ಎಂದ ಅಣ್ಣ.

ಹೆಡ್‌ಫೋನ್ ಕಿವಿಗೇರಿದ್ದೇ ತಡ, ತಮ್ಮ ರೆಪ್ಪೆ ಬಿಗಿದು ಭುಜ ಕುಗ್ಗಿಸಿದ. ಒಂದು ಗಳಿಗೆ ಅಷ್ಟೆ. ಡಬ್ಬಿ ಕೆಟ್ಟಿಲ್ಲ ಎಂದು ಅಣ್ಣನಿಗೆ ಆಗಲೇ ತಿಳಿಯಿತು. ಆದರೂ ಕಾದ. ತಮ್ಮ ಅಣ್ಣನ ನರೆತ ತಲೆ ನೋಡಿದ, ಬಾಗಿಲಲ್ಲಿ ನಿಂತ ಅತ್ತಿಗೆಯ ಮುಖ ನೋಡಿದ, ಮೆಲ್ಲಗೆ ನಕ್ಕ.

"ಒಂಚೂರೂ ಸದ್ದಿಲ್ಲ ಅಣ್ಣ. ನಿನ್ನ ಕಿವಿ ಮುಂದೆ ಮೀಟರ್ ಯಾವ ಲೆಕ್ಕ?"

ಅಣ್ಣ ಬಟ್ಟೆ ಸರಿಸಿದ. ಮಳೆ ಡಬ್ಬಿಯನ್ನೂ ಅದಕ್ಕೆ ಸಿಕ್ಕಿಸಿದ್ದ ವೈರನ್ನೂ ಕಂಡು ತಮ್ಮನ ಮುಖ ಬಿಳಿಚಿಕೊಂಡಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ನಿಜ ಹೇಳ್ದೆ ಅಂತ ನಿನ್ನ ಓಡಿಸ್ದೆ," ಎಂದ ಅಣ್ಣ. "ಸುಳ್ಳು ಹೇಳೋದು ಕಲ್ತ್ಮೇಲೆ ಯಾಕೋ ಬಂದೆ?"

ಬಾಗಿಲಲ್ಲಿದ್ದ ಅಣ್ಣನ ಹೆಂಡತಿ ಹೆಡ್‌ಫೋನಿನಿಂದ ಸುರಿಯುತ್ತಿದ್ದ ಸದ್ದು ತಡೆಯಲಾರದೆ ಒಳಗೆ ಬಂದು, ಕೈ ಚಾಚಿ ಡಬ್ಬಿಯ ಸ್ವಿಚ್ ಆರಿಸಿದಳು. ಅಣ್ಣನಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.