ಹೆರಿಗೆ ಕೋಣೆಯ ಹಗ್ಗ

2025ರ ಮಾರ್ಚ್ 9, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಲಾ ನಿರ್ದೇಶಕಿ ಹಗ್ಗದ ಗಂಟಿನೊಳಕ್ಕೆ ದಬ್ಬಣ ತೂರಿಸಿ ಒಂದು ಎಳೆ ಸಡಿಲಿಸಿದ್ದಳಷ್ಟೆ, ಬಾಗಿಲಲ್ಲಿ ನಿಂತಿದ್ದ ಮನೆಯ ಯಜಮಾನರು, ಎಂಬತ್ತೊಂದರ ಅಜ್ಜ, "ಅಯ್ಯೋ, ಅದನ್ನ ಬಿಚ್ಚಬೇಡಮ್ಮ!" ಎಂದರು.

ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದ ಬಗ್ಗೆ ಒಂದು ಸಾಕ್ಷ್ಯಚಿತ್ರ. ಅದಕ್ಕಾಗಿಯೇ ತಂಡ ಈ ಕೋಣೆಗೆ ಬಂದಿತ್ತು. ತೊಲೆಗೆ ಹೊಡೆದ ಕಬ್ಬಿಣದ ಬಳೆ ಇನ್ನೂ ಗಟ್ಟಿಯಾಗಿತ್ತು. ಹಳೆ ಬಟ್ಟೆ ಹೊಸೆದು ಮಾಡಿದ ಹಗ್ಗವೂ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತ್ತು; ಅದರ ತುದಿಯ ಕುಣಿಕೆಯನ್ನು ಮೊದಲಿನಂತೆಯೇ ಬಳೆಗೆ ಹಾಕಿ ಇಳಿಬಿಟ್ಟಿದ್ದರು. ಆ ಕಾಲದಲ್ಲಿ ನೋವು ತಿನ್ನುವ ಹೆಂಗಸು ಮಂಡಿಯೂರಿ, ತಲೆಯ ಮೇಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬೀಳುತ್ತಿದ್ದಳು. ಆದರೆ ಚಿತ್ರದ ನಟಿ ಎತ್ತರದವಳು. ಅವಳು ಮಂಡಿಯೂರಿದರೆ ಗಂಟು ನೆತ್ತಿಯ ಹತ್ತಿರಕ್ಕೇ ಬರುತ್ತಿತ್ತು.

"ಒಂದು ಗೇಣು ಮೇಲೆ ಕಟ್ಟಿದ್ರೆ ಆಯ್ತಪ್ಪ," ಎಂದು ನಿರ್ದೇಶಕ ಅವಸರಿಸಿದ. "ಬೆಳಕೇನು ನಮ್ಮಪ್ಪನ ಮನೆ ಆಳಾ, ನಮಗೋಸ್ಕರ ಕಾಯ್ತಾ ನಿಂತಿರೋಕೆ?"

ಅಜ್ಜ ಹತ್ತಿರ ಬಂದರು. "ಸೂಲಗಿತ್ತಿ ಪ್ರತಿ ಸಲ ಹಳೇ ಗಂಟು ಬಿಚ್ಚಿ, ಹೆರೋಳ ಅಳತೆಗೆ ಹೊಸದಾಗಿ ಕಟ್ಟೋಳಂತೆ. ಇದು ನಮ್ಮಮ್ಮನಿಗೆ ಕಟ್ಟಿದ್ದು. ನನ್ನ ಹೆತ್ತ ದಿನಾನೇ ಅವಳು ಹೋದ್ಲು. ಆಮೇಲೆ ಯಾರೂ ಈ ಹಗ್ಗ ಮುಟ್ಟಲಿಲ್ಲ, ಚಿಕ್ಕಮ್ಮ ಹಾಗೇ ಸುತ್ತಿಟ್ಟಿದ್ಲು." ಗಂಟನ್ನು ನೋಡುತ್ತಾ ಹೇಳಿದರು: "ನಮ್ಮಮ್ಮಂದು ಒಂದು ಫೋಟೋನೂ ಇಲ್ಲ ಕಣಮ್ಮ. ಹೇಗಿದ್ಲು ಅಂತಾನೇ ನಂಗೊತ್ತಿಲ್ಲ."

ಕಲಾ ನಿರ್ದೇಶಕಿ ದಬ್ಬಣವನ್ನು ಮೆಲ್ಲಗೆ ಹಿಂದಕ್ಕೆಳೆದಳು. ಸದ್ಯ, ಗಂಟು ಜಾರಿರಲಿಲ್ಲ.

"ಅಳತೆಗೆ ಅಂದ್ರೆ ಹೇಗೆ ತಾತ? ಅದಕ್ಕೇನಾದ್ರೂ ಲೆಕ್ಕ ಇತ್ತಾ?"

"ಮಂಡಿಯೂರಿ ಹಿಡಿದಾಗ ತೋಳು ಪೂರ್ತಿ ಚಾಚಬೇಕು, ಹೆಗಲು ಮಾತ್ರ ಏಳಬಾರದು. ಚಿಕ್ಕಮ್ಮ ಹಾಗೇ ಹೇಳೋಳು."

"ನೆಲ ಆಗಿಂದೇನಾ?"

"ಅದೇ ಕಲ್ಲು. ಒಂದೂ ಎಬ್ಬಿಸಿಲ್ಲ."

ಅವಳು ತೊಲೆಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿದಳು. ಬಳೆ ಅದೇ, ಕಲ್ಲು ಅದೇ, ಗಂಟೂ ಅದೇ. ಇಷ್ಟು ವರ್ಷದಲ್ಲಿ ಹಗ್ಗ ಒಣಗಿ ಕುಗ್ಗಿದ್ದರೂ ಹೆಚ್ಚೆಂದರೆ ಒಂದಿಂಚು. ಹಾಗಾದರೆ ಗೊತ್ತಿಲ್ಲದೆ ಉಳಿದಿರುವುದು ಒಂದೇ ಸಂಗತಿ, ಅದನ್ನೂ ಕಂಡುಹಿಡಿಯಬಹುದು.

"ಗಂಟು ಇದ್ದಲ್ಲೇ ಇರಲಿ," ಎಂದಳು. "ಇದು ಯಾರಿಗೆ ಸರಿಹೋಗತ್ತೋ ನೋಡೋಣ."

ನಿರ್ದೇಶಕ ಹಣೆ ಚಚ್ಚಿಕೊಂಡ. "ಪಾತ್ರಕ್ಕೆ ಹಗ್ಗ ಹುಡುಕೋದು ಕೇಳಿದ್ದೆ. ಹಗ್ಗಕ್ಕೆ ಪಾತ್ರ ಹುಡುಕೋದು ಇವತ್ತೇ ನೋಡಿದ್ದು!" ಆದರೆ ಎರಡು ನಿಮಿಷ ಕಳೆಯುವುದರೊಳಗೆ ಮೊದಲು ಮಂಡಿಯೂರಿದವನೂ ಅವನೇ. ಅವನ ಮೊಣಕೈಗಳು ಮಡಚಿಕೊಂಡವು. ಮೇಕಪ್ ಮಾಡುವವಳು ಹಲ್ಲು ಕಚ್ಚಿ ತೋಳು ಚಾಚಲು ನೋಡಿದಳು, ಆಗಲಿಲ್ಲ. "ಉಸಿರು ಬಿಡಿ ಅಕ್ಕಾ, ಹೆರ್ತಾ ಇರೋದು ನೀವಲ್ಲ," ಎಂದ ಕ್ಯಾಮೆರಾದವನು.

"ಇನ್ನುಳಿದಿರೋದು ನಮ್ಮ ಗಿಡ್ಡಿ ಒಬ್ಬಳೇ," ಎಂದ ನಿರ್ದೇಶಕ.

ಕಲಾ ನಿರ್ದೇಶಕಿ ತಣ್ಣನೆಯ ಕಲ್ಲಿನ ಮೇಲೆ ಮಂಡಿಯೂರಿ ಕೈ ಎತ್ತಿದಳು. ಬೆರಳುಗಳು ಗಂಟನ್ನು ಸುತ್ತಿ ಹಿಡಿದವು. ತೋಳು ಪೂರ್ತಿ ಚಾಚಿಕೊಂಡಿತು. ಹೆಗಲು ಇದ್ದಲ್ಲೇ ಇತ್ತು.

"ಎದ್ದು ಗೋಡೆಗೆ ಒರಗಿ ನಿಂತ್ಕೋತೀಯಾ ಮಗಳೇ?" ಎಂದರು ಅಜ್ಜ.

ಅವಳು ನಿಂತಳು. ಆರಡಿಯ ಅಜ್ಜ ಬಂದು ಅವಳ ನೆತ್ತಿಯ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟು, ಆ ಕೈಯನ್ನೇ ಬಹಳ ಹೊತ್ತು ನೋಡಿದರು. ಅದು ಅವರ ಹೆಗಲಿಗಿಂತ ಕೆಳಗಿತ್ತು.

"ಈ ಎತ್ತರ ನಂಗೆ ಅವಳಿಂದ್ಲೇ ಬಂದಿದ್ದು ಅಂದ್ಕೊಂಡಿದ್ದೆ," ಎಂದರು. "ಕನಸಲ್ಲೂ ಅವಳನ್ನ ತಲೆ ಎತ್ತೇ ನೋಡ್ತಿದ್ದೆ."

ಅವರು ಉಗುರಿನಿಂದ ಸುಣ್ಣದ ಗೋಡೆಯ ಮೇಲೆ ಗೀರು ಎಳೆದರು. ಅವಳು ಪಕ್ಕಕ್ಕೆ ಸರಿದು, ನೆಲದಿಂದ ಆ ಗೀರಿನವರೆಗೆ ಟೇಪು ಹಿಡಿದಳು.

ನಾಲ್ಕು ಅಡಿ ಎಂಟೂವರೆ ಇಂಚು.