ಸಂಜೆಯ ಎರಡು ತಾಸು

“ದಿನಕ್ಕ ನಿಮಗ ಎಷ್ಟು ತಾಸು ಪುರಸೊತ್ತು ಸಿಗತೈತ್ರಿ, ಅಕ್ಕಾರ?” ಎಂದು ರಾಧಾ ಕೇಳಿದಳು. ದಾಕ್ಷಾಯಣಿ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದುಬಿಟ್ಟಿತು.

“ಇಡೀ ದಿನ ಪುರಸೊತ್ತು ಅಂತ ಬರ್ಕೊಳ್ಳಮ್ಮ,” ಎಂದ ಗಂಡ ಸಿದ್ದಲಿಂಗೇಶ್, ಪೇಪರಿನಿಂದ ಕಣ್ಣೆತ್ತದೆ. “ಮನ್ಯಾಗ ಇರೋರಿಗೆ ಏನು ಕೆಲಸ? ಒಂದು ಮರಿ ಇದ್ರ ಹೊತ್ತರ ಹೋಗತೈತಿ ಇಕಿಗೆ. ನಂದೇನೂ ತಕರಾರಿಲ್ಲ.”

ರಾಧಾ ಬರೆದುಕೊಳ್ಳಲಿಲ್ಲ. ಗಾಯಗೊಂಡ ಬೀದಿನಾಯಿಗಳನ್ನು ತಂದು ಸಾಕುವ ಬಳ್ಳಾರಿಯ ಒಂದು ಗುಂಪಿನ ಹುಡುಗಿ ಅವಳು. ಅವಳ ಕಾಲ ಬಳಿಯ ಬುಟ್ಟಿಯಲ್ಲಿದ್ದ ಕಂದು ಮರಿ ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟಿನ ರಾಶಿಯಲ್ಲಿ ಸಿಕ್ಕಿದ್ದು. ಹಿಂಗಾಲು ಮುರಿದಿತ್ತು. ಕುರುಗೋಡಿನ ಒಂದು ಮನೆಯವರು ಆಸೆಪಟ್ಟು ಒಯ್ದವರು ಒಂಬತ್ತನೆಯ ದಿನ ವಾಪಸ್ ತಂದಿಟ್ಟು, ಪುರಸೊತ್ತಾಗುವುದಿಲ್ಲ ಎಂದಿದ್ದರು. ಅಂದಿನಿಂದ ರಾಧಾ ಮರಿ ಕೊಡುವ ಮೊದಲು ಮನೆಗೇ ಬಂದು ಕೂತು ಕೇಳುತ್ತಾಳೆ. ದಾಕ್ಷಾಯಣಿ ಹೋದ ವಾರ ನಾಯಿಗಳ ಹಾಸಿಗೆಗೆಂದು ಹಳೆಯ ಸೀರೆಗಳನ್ನು ಕೊಡಲು ಅವರಲ್ಲಿಗೆ ಹೋದಾಗ ಈ ಮರಿ ಅವಳ ಕಿರುಬೆರಳನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿತ್ತು. ಅರ್ಧ ತಾಸು ಅವಳು ಬೆರಳು ತೆಗೆದಿರಲಿಲ್ಲ.

“ನೋಡ್ಕೊಳ್ಳೋರು ಹೇಳಬೇಕ್ರಿ ಸರ್,” ಎಂದಳು ರಾಧಾ. “ಕಾಲು ನೆಟ್ಟಗಾಗಬೇಕಂದ್ರ ಮೂರು ತಿಂಗಳು ದಿನಾ ಎರಡು ತಾಸು ಇದರ ಜೊತಿಗೇ ಕುಂದರಬೇಕು. ತಿಕ್ಕಬೇಕು, ಹಿಡಕೊಂಡು ನಡಸಬೇಕು. ನಡುವ ಎದ್ದು ಹೋದ್ರ ಆಗಂಗಿಲ್ಲ. ಹೇಳ್ರಿ ಅಕ್ಕಾರ.”

ದಾಕ್ಷಾಯಣಿ ಬೆರಳು ಮಡಚತೊಡಗಿದಳು. ಐದಕ್ಕೆ ನಳದ ನೀರು, ಅಂಗಳ. ಆಮೇಲೆ ಗಂಡನ ಸ್ನಾನ, ಪೂಜೆಯ ತಯಾರಿ. ಒಳಕೋಣೆಯಲ್ಲಿ ಮಲಗಿರುವ ಅತ್ತೆಯ ಮೈ ಒರೆಸುವುದು, ಗುಳಿಗೆ, ಗಂಜಿ. ಗಂಡನ ಅಂಗಡಿಗೆ ಬುತ್ತಿ. ಮಧ್ಯಾಹ್ನ ಅತ್ತೆಯನ್ನು ಮಗ್ಗುಲು ಬದಲಿಸಿ, ಬಟ್ಟೆ ಒಗೆದು, ಮತ್ತೆ ಗುಳಿಗೆ. ಸಂಜೆ ಆರರಿಂದ ರೊಟ್ಟಿ. ಎರಡೂ ಕೈಯ ಬೆರಳು ಮುಗಿದವು. ಒಂದು ಇಡೀ ತಾಸು ಎಲ್ಲಿಯೂ ಸಿಗಲಿಲ್ಲ. ಐವತ್ತೆರಡು ವರ್ಷದ ಹೆಂಗಸಿಗೆ ತನ್ನದೆನ್ನುವ ಒಂದು ತಾಸು ಇಲ್ಲವೆಂಬುದಕ್ಕೆ ಯಾರದೋ ಮುಂದೆ ಸೆರಗು ಜಾರಿದಷ್ಟು ನಾಚಿಕೆಯಾಯಿತು. ಸುಳ್ಳು ಹೇಳಬಹುದಿತ್ತು. ಬುಟ್ಟಿಯೊಳಗಿನ ಮರಿ ಅವಳತ್ತಲೇ ನೋಡುತ್ತಿತ್ತು.

“ಇಲ್ಲ,” ಎಂದಳು. “ಸಿಗಂಗಿಲ್ಲ.”

ರಾಧಾ ಪುಸ್ತಕ ಮುಚ್ಚಿದಳು. “ಬ್ಯಾಸರ ಮಾಡ್ಕೋಬ್ಯಾಡ್ರಿ. ಆಗತೈತಿ ಅಂತ ಒಯ್ದು ವಾಪಸ್ ತರೋರಿಗಿಂತ ನೀವು ಚಲೋ.”

“ಚಾ ಕುಡದು ಹೋಗ್ರಿ,” ಎಂದು ಅಡುಗೆಮನೆಗೆ ಹೋದ ದಾಕ್ಷಾಯಣಿ ಒಲೆಯ ಮುಂದೆ ನಿಂತಳು. ಪ್ರತಿ ಸಂಜೆ ಆರಕ್ಕೆ ಇದೇ ಜಾಗದಲ್ಲಿ ನಿಲ್ಲುತ್ತಾಳೆ. ಪಕ್ಕದಲ್ಲಿ ಜೋಳದ ಹಿಟ್ಟು, ಒಲೆಯ ಮೇಲೆ ಕುದಿವ ನೀರು. ಸಿದ್ದಲಿಂಗೇಶ್ ಬ್ರೂಸ್‌ಪೇಟೆಯ ಪಾತ್ರೆ ಅಂಗಡಿ ಮುಚ್ಚಿ ಒಮ್ಮೆ ಆರೂವರೆಗೆ ಬಂದಾನು, ಒಮ್ಮೆ ಎಂಟಕ್ಕೆ. ಬಂದ ಕೂಡಲೇ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬೀಳಬೇಕು. ಆರಿದ್ದನ್ನು ಅವನು ಮುಟ್ಟುವುದಿಲ್ಲ. ಮೂರು ರೊಟ್ಟಿ ಬಡಿಯಲು ಹತ್ತು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಅವನ ಬೈಕಿನ ಸದ್ದಿಗೆ ಕಿವಿಗೊಟ್ಟು ನಿಲ್ಲುವುದು. ಇಪ್ಪತ್ತಾರು ವರ್ಷ ಅದನ್ನು ಅವಳು ಕೆಲಸವೆಂದೇ ಎಣಿಸಿದ್ದಳು.

ಚಹಾ ಇಡದೆ ಹೊರಗೆ ಬಂದಳು. ರಾಧಾ ಬುಟ್ಟಿ ಎತ್ತಿಕೊಂಡು ನಿಂತಿದ್ದಳು.

“ಸಂಜಿ ಆರರಿಂದ ಎಂಟು. ಬರ್ಕೋಳವ್ವ.”

ಪೇಪರು ಕೆಳಗಿಳಿಯಿತು. “ಅದು ರೊಟ್ಟಿ ಹೊತ್ತಲ್ಲೇನು?”

“ನಿಮ್ಮ ಅಂಗಡಿ ಎದುರಿಗೇ ಖಡಕ್ ರೊಟ್ಟಿ ಮಾರ್ತಾರಲ್ರಿ. ಬರೋವಾಗ ಒಂದು ಕಟ್ಟು ಹಿಡಕೊಂಡು ಬರ್ರಿ. ಪಲ್ಯ, ಚಟ್ನಿಪುಡಿ, ಮೊಸರು ಮುಚ್ಚಿಟ್ಟಿರ್ತೀನಿ.”

“ಹೆಂಡ್ತಿ ಮನ್ಯಾಗ ಇಟ್ಕೊಂಡು ನಾನು ಕೊಂಡ ರೊಟ್ಟಿ ತಿನ್ನಬೇಕಾ?”

“ಹೂನ್ರಿ. ಹಲ್ಲು ಗಟ್ಟಿ ಅದಾವಲ್ಲ.”

ರಾಧಾ ನೆಲ ನೋಡಿ ನಗು ನುಂಗಿದಳು. ಸಿದ್ದಲಿಂಗೇಶ್ ಅವಳತ್ತ ತಿರುಗಿ, “ನೋಡಮ್ಮ, ಇದು...” ಎಂದು ಶುರುಮಾಡಿದ.

“ನಿಮ್ದು ತಕರಾರಿಲ್ಲ ಅಂದಿದ್ರಿ ಸರ್.”

ಅವನು ಪೇಪರು ಮಡಚಿಟ್ಟ. ರಾಧಾ ದಾಕ್ಷಾಯಣಿಯನ್ನು ನೇರವಾಗಿ ನೋಡಿದಳು. “ಖರೇನ ತಯಾರದೀರಾ ಅಕ್ಕಾರ? ಇದನ್ನ ಇನ್ನೊಮ್ಮಿ ವಾಪಸ್ ತಗೊಳ್ಳಾಕ ನನಗ ಆಗಂಗಿಲ್ಲ.”

“ಹತ್ತು ನಿಮಿಷದ ಹಿಂದ ಇರಲಿಲ್ಲ,” ಎಂದಳು ದಾಕ್ಷಾಯಣಿ. “ಈಗ ಅದೀನಿ.” ಎರಡೂ ಕೈ ಚಾಚಿ ಬುಟ್ಟಿ ಇಸಿದುಕೊಂಡಳು.

ಮರುದಿನ ಸಂಜೆ ಬೈಕಿನ ಸದ್ದಾದಾಗ ಅವಳು ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮರಿ ಹನ್ನೊಂದು ಹೆಜ್ಜೆ ನಡೆದಿತ್ತು, ಹನ್ನೆರಡನೆಯದಕ್ಕೆ ಸೋತು ಅವಳ ಮಡಿಲಿನಲ್ಲಿ ಮಲಗಿತ್ತು. ಸಿದ್ದಲಿಂಗೇಶ್ ಕೈಯಲ್ಲಿ ಕಾಗದದಲ್ಲಿ ಸುತ್ತಿದ ರೊಟ್ಟಿಯ ಕಟ್ಟು ಹಿಡಿದು ಬಂದ. ಅವಳು ಏಳಲಿಲ್ಲ. ತಾನೇ ತಟ್ಟೆ ತಂದು, ಪಲ್ಯ ಬಡಿಸಿಕೊಂಡು, ಎದುರಿಗೆ ಕೂತು ಮೊದಲ ತುಣುಕು ಕಚ್ಚಿದ. ಕಟಕ್ ಎಂಬ ಸದ್ದು ಮನೆ ತುಂಬ ಕೇಳಿಸಿತು. ಮರಿಯ ಕಿವಿ ಅಲುಗಿತು.

“ಮೆಲ್ಲಗ ಕಡೀರಿ,” ಎಂದಳು ದಾಕ್ಷಾಯಣಿ. “ಮಲಗೈತಿ.”